ಅಳಿಯನಿಗೆ ಕೊಯ್ಯಬೇಕಾಗಿದ್ದ ಹುಂಜ

ನಮ್ಮ ಮನೆಯ ಹುಂಜದ ಕಥೆಯನ್ನು ನೀವು ಎಲ್ಲಾದರೂ ಕೇಳಿರಬಹುದು. ಕೇಳಿದ್ದರೆ ತಪ್ಪಾಗಿಯೇ ಕೇಳಿದ್ದೀರಿ. ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ. ಈ ಕಥೆ ನಾಲ್ಕು ಊರುಗಳಲ್ಲಿ ನಾಲ್ಕು ಬಗೆಯಾಗಿ ಓಡಾಡುತ್ತಿದೆ, ನಾಲ್ಕನ್ನೂ ನಾನು ಕಿವಿಯಾರೆ ಕೇಳಿದ್ದೇನೆ, ನಾಲ್ಕರಲ್ಲೂ ಹುಂಜ ಒಂದನ್ನು ಬಿಟ್ಟರೆ ಬೇರೇನೂ ನಿಜವಿಲ್ಲ. ಚನ್ನಗಿರಿಯಲ್ಲಿ, ಅಂದರೆ ನಮ್ಮ ಊರಿನಲ್ಲೇ ಹೇಳುವ ಪ್ರಕಾರ, ಊರಮ್ಮನಿಗೆ ಸಲ್ಲಬೇಕಾದ ಹುಂಜವನ್ನು ನಾವು ಅಳಿಯನ ಸಾರಿಗೆ ಹಾಕಲು ಹೊರಟೆವು, ಅಮ್ಮ ಸಿಟ್ಟಾಗಿ ಹುಂಜದ ಮೈಮೇಲೆ ಬಂದಳು. ಮೈಮೇಲೆ ಬರಲು ಊರ ತುಂಬ ಮನುಷ್ಯರಿರುವಾಗ, ಅದರಲ್ಲೂ ಬರಮಾಡಿಕೊಳ್ಳಲು ಸದಾ ತಲೆಗೂದಲು ಬಿಚ್ಚಿಕೊಂಡೇ ಇರುವವರು ನಮ್ಮ ಬೀದಿಯಲ್ಲೇ ಇಬ್ಬರಿರುವಾಗ, ಆ ತಾಯಿ ಒಂದು ಹಿಡಿ ಮಾಂಸವೂ ಇಲ್ಲದ ಕೋಳಿಯನ್ನೇಕೆ ಆರಿಸಿಕೊಂಡಳು ಎಂದು ಯಾರೂ ಕೇಳುವುದಿಲ್ಲ. ಹೊನ್ನಾಳಿಯಲ್ಲಿ ಹೇಳುವ ಪ್ರಕಾರ, ಆ ಹುಂಜದ ಮೈಯಲ್ಲಿ ಬಿಳಿ ದೊರೆಯ ಬಂಗಲೆಯ ರಕ್ತವಿತ್ತು. ಆದ್ದರಿಂದ ಅದು ಜಗಳೂರಿನ ಗಾಡಿಯನ್ನು ಎತ್ತುಗಳ ಸಮೇತ ಹಿಂದಕ್ಕೆ ಓಡಿಸಿತು. ಜಗಳೂರಿನಲ್ಲಿ ಸ್ವತಃ ನನ್ನ ಭಾವನೇ ಹೇಳುವ ಪ್ರಕಾರ, ಹುಂಜ ಅವರ ಕಣ್ಣಿಗೇ ಗುರಿಯಿಟ್ಟು ಹಾರಿತು, ಅವರು ಗಾಳಿಯಲ್ಲೇ ಅದನ್ನು ಹಿಡಿದು ಅದರ ಜೀವ ಉಳಿಸಿದರು. ಯಾರ ಜೀವ ಯಾರ ಕೈಯಲ್ಲಿತ್ತು ಎಂಬುದು ಆ ಕಥೆಯಲ್ಲಿ ಸ್ಪಷ್ಟವಿಲ್ಲ. ಇನ್ನು ನ್ಯಾಮತಿ. ಅಲ್ಲಿ ನನ್ನ ಜೊತೆ ಇಂಟರ್‌ಮೀಡಿಯೆಟ್ ಓದಿ, ಚರ್ಚಾಸ್ಪರ್ಧೆಗಳಲ್ಲಿ ನನ್ನೆದುರು ತಪ್ಪದೆ ಸೋಲುತ್ತಿದ್ದ ಒಬ್ಬ ಗೆಳೆಯನಿದ್ದಾನೆ. ಹುಂಜಕ್ಕೆ ಹೆದರಿ ನಾನು ಹುಲ್ಲಿನ ಬಣವೆಯೊಳಗೆ ಅಡಗಿ ಕುಳಿತಿದ್ದೆ ಎಂದು ಅವನು ಮಂಡಿಯ ಕಟ್ಟೆಯ ಮೇಲೆ ಕುಳಿತು ಹೇಳುತ್ತಾನಂತೆ. ಇದಕ್ಕೆ ಉತ್ತರ ಕೊಡುವುದು ನನ್ನ ಘನತೆಗೆ ಕಡಿಮೆ. ಆದರೂ ಮುಂದೆ ಸರಿಯಾದ ಜಾಗದಲ್ಲಿ ಕೊಡುತ್ತೇನೆ.

ಸತ್ಯ ಹೇಳುವ ಯೋಗ್ಯತೆ ನನಗೇನು ಎಂದು ನೀವು ಕೇಳಬಹುದು. ಕಾಲೇಜಿನಲ್ಲಿ ಇದ್ದಷ್ಟು ದಿನ ನಾನು ಕಲಿತದ್ದು ವಾದ ಮಾಡುವುದೊಂದನ್ನೇ. ಕತ್ತಿ ಮೇಲೋ ಲೇಖನಿ ಮೇಲೋ ಎಂಬ ವಿಷಯದ ಮೇಲೆ ಒಂದು ವಾರ ಕತ್ತಿಯ ಪರವಾಗಿ ಗೆದ್ದು, ಮುಂದಿನ ವಾರ ಲೇಖನಿಯ ಪರವಾಗಿ ಗೆದ್ದವನು ನಾನು. ಎರಡು ಸಲವೂ ಚಪ್ಪಾಳೆ ಒಂದೇ ಸಮ ಬಿತ್ತು. ಅಂದಿನಿಂದ ನನಗೆ ಕತ್ತಿ, ಲೇಖನಿ, ಚಪ್ಪಾಳೆ ಮೂರರ ಮೇಲೂ ನಂಬಿಕೆ ಹೋಯಿತು. ಪರೀಕ್ಷೆ ಮುಗಿಸಿ ಊರಿಗೆ ಬಂದಾಗ ಯುದ್ಧ ಶುರುವಾಗಿ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡತೊಡಗಿದ್ದವು. ನೌಕರಿ ಎಲ್ಲೂ ಇರಲಿಲ್ಲ. ವಾದ ಮಾಡಲು ಮನೆಯಲ್ಲಿ ಸಿಕ್ಕವಳು ಅಜ್ಜಿ ಒಬ್ಬಳೇ. ಅಪ್ಪ ಸಿಗುತ್ತಿರಲಿಲ್ಲ. ಮನೆಯಲ್ಲಿ ಎರಡು ದನಿ ಏರಿದ ಕೂಡಲೇ ಅವರಿಗೆ ಹೊಲದ ಬದುವಿನಲ್ಲಿ ಏನೋ ತುರ್ತು ಕೆಲಸ ನೆನಪಾಗುತ್ತಿತ್ತು. ಅವ್ವ ಅಡುಗೆಮನೆಯಿಂದ ಎರಡೂ ಪಕ್ಷಕ್ಕೆ ಹೂಂಗುಟ್ಟುತ್ತಿದ್ದಳು. ಅಜ್ಜಿ ಮಾತ್ರ ಮಜಬೂತಾದ ಎದುರಾಳಿ. ಅವಳ ಹತ್ತಿರ ಕಾಲೇಜಿನಲ್ಲಿ ಯಾರೂ ಬಳಸದ ಒಂದು ಅಸ್ತ್ರವಿತ್ತು: ಸೋಲುವ ಹೊತ್ತಿಗೆ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ.

ನಮ್ಮ ಜಗಳ ಹತ್ತಿದ್ದು ಕೋಳಿಯ ಮೇಲೆ. ಅಜ್ಜಿಯ ಕೋಳಿಹಿಂಡು ನಮ್ಮ ಹಿತ್ತಲಿನಲ್ಲಿ ನನಗಿಂತ ಮುಂಚಿನಿಂದ ಇದ್ದದ್ದು. ಅದಕ್ಕೊಂದು ಪದ್ಧತಿ ಇತ್ತು. ಆ ವರ್ಷದ ಹುಂಜಗಳಲ್ಲಿ ಎಲ್ಲಕ್ಕಿಂತ ಚೆಲುವಾದದ್ದು, ಅಂದರೆ ಎದೆ ತುಂಬಿ, ಜುಟ್ಟು ಕೆಂಪಾಗಿ, ಒಂದು ಗರಿಯೂ ಮುಕ್ಕಾಗದೆ ಇರುವುದು ಊರಮ್ಮನಿಗೆ. ಅದರ ನಂತರದ್ದು ಅಳಿಯ ಬಂದರೆ ಅಳಿಯನಿಗೆ, ಬೀಗರು ಬಂದರೆ ಬೀಗರಿಗೆ. ಮೂರನೆಯದು ಯಾರಿಗಾದರೂ ನೆಗಡಿ ಬಂದಾಗ. ಹೀಗೆ ಎಲ್ಲ ಸಂದಾಯವಾದ ಮೇಲೆ ಹಿತ್ತಲಿನಲ್ಲಿ ಒಂದು ಹುಂಜ ಉಳಿಯುತ್ತಿತ್ತು. ಒಂದು ಕಾಲು ಸೊಟ್ಟ, ಕತ್ತಿನಲ್ಲಿ ಗರಿಯಿಲ್ಲ, ಹದ್ದು ಬಂದರೆ ಮರಿಗಳಿಗಿಂತ ಮೊದಲು ಓಡಿಹೋಗಿ ಹೇಂಟೆಯ ರೆಕ್ಕೆಯಡಿ ತಲೆ ತೂರಿಸುವಂಥದ್ದು. ದೇವರಿಗೂ ಬೇಡ, ಬೀಗರಿಗೂ ಬೇಡ, ನೆಗಡಿಗೂ ಬೇಡ. ಮುಂದಿನ ವರ್ಷದ ಅಷ್ಟೂ ಮರಿಗಳಿಗೆ ಅದೇ ತಂದೆ. ಬೇರೆ ದೇಶದ ಜನ ಓಟದ ಕುದುರೆಗಳನ್ನು ಆರಿಸಿ ಆರಿಸಿ ತಳಿ ಎತ್ತಿದ್ದನ್ನು ನಾನು ಕಾಲೇಜಿನ ವಾಚನಾಲಯದಲ್ಲಿ ಓದಿದ್ದೆ. ನಮ್ಮವರೂ ತಲೆತಲಾಂತರದಿಂದ ಅಷ್ಟೇ ಶ್ರದ್ಧೆಯಿಂದ ಆರಿಸುತ್ತಾ ಬಂದಿದ್ದರು. ದಿಕ್ಕು ಮಾತ್ರ ಉಲ್ಟಾ. ನೆಲದ ಮೇಲೆ ಓಡಾಡುವ ಕೋಳಿಗಳಲ್ಲೆಲ್ಲ ಅತಿ ದಂಡದ ಕೋಳಿಯನ್ನು ದೈವಭಕ್ತಿಯಿಂದ, ಅತಿಥಿಸತ್ಕಾರದಿಂದ, ಪರಂಪರೆಯಿಂದ ನಾವು ಸೃಷ್ಟಿಸಿದ್ದೆವು.

ಇದನ್ನು ನಾನು ಒಂದು ಬೆಳಿಗ್ಗೆ ಅಜ್ಜಿಯ ಮುಂದೆ ಮಂಡಿಸಿದೆ. ಅವಳು ಜೋಳದ ನುಚ್ಚು ಎರಚುತ್ತಾ ಕೇಳಿದಳು.

“ಅಂದ್ರೆ ಊರಮ್ಮಗೆ ಕುಂಟ ಕೋಳಿ ಕೊಡಬೇಕು ಅಂತೀಯಾ?”

“ಅಮ್ಮ ತಿನ್ನಲ್ಲ ಅಜ್ಜೀ. ತಿನ್ನೋದು ನಾವು. ಅಮ್ಮಗೆ ಯಾವುದಾದ್ರೇನು?”

“ಬಾಯಿ ಮುಚ್ಚು. ಕೇಳಿಸ್ಕಂತಾಳೆ.”

“ಸರಿ, ಆ ಮಾತು ಬಿಡು. ಉಳಿದಿರೋ ಈ ಕುಂಟ ಬರೋ ವರ್ಷದ ಮರಿಗೆಲ್ಲ ಅಪ್ಪ ಆಗ್ತಾನಲ್ಲ, ಅದು ನಿನಗೆ ಸರಿ ಅನಿಸ್ತೈತಾ?”

“ಆದ್ರೆ ಏನಾತು? ನಿಮ್ಮ ಅಪ್ಪನ್ನ ನೋಡು. ಐದು ಮಕ್ಕಳಲ್ಲಿ ಇವನೊಬ್ಬ ಬಡಕಲು ಅಂತ ಯಾರೂ ಕೂಲಿಗೂ ಕರೀತಿರಲಿಲ್ಲ. ನಿನಗೇನು ಕೊರತೆ ಆಗೈತೆ? ಕಾಲು ಸಣ್ಣ, ನಾಲಿಗೆ ಉದ್ದ. ನಡೀತೈತೆ ಬಿಡು.”

ಜಗಲಿಯ ಮೇಲೆ ಕುಳಿತಿದ್ದ ಅಪ್ಪ ಕೆಮ್ಮಿ, ಕೊಡಲಿ ಹೆಗಲಿಗಿಟ್ಟು, ಬದುವಿನ ಕಡೆ ಹೊರಟುಹೋದರು. ಇದು ವಿಷಯಾಂತರ, ವೈಯಕ್ತಿಕ ನಿಂದೆ, ಅಧ್ಯಕ್ಷರು ತಡೆಯಬೇಕಾದ ಮಾತು ಎಂದು ನಾನು ಆಕ್ಷೇಪಿಸಿದೆ. ಅಜ್ಜಿಗೆ ಆಗಲೇ ಕಿವಿ ಕೇಳಿಸುವುದು ನಿಂತಿತ್ತು. ಆದರೂ ನನ್ನ ಹಟ ನೋಡಿ ಒಂದು ರಾಜಿಗೆ ಬಂದಳು. ದಪ್ಪಗಿರುವುದೆಲ್ಲ ಎಂದಿನಂತೆ ಊರಮ್ಮನಿಗೂ ಬೀಗರಿಗೂ; ಬಡಕಲು ಬಾಬತ್ತಿನಲ್ಲಿ ತಳಿಗೆ ಯಾವುದನ್ನು ಬಿಡಬೇಕೆಂಬುದು ನನಗೆ. ದೇವರನ್ನು ಮುಟ್ಟದೆ ಕ್ರಾಂತಿ ಮಾಡಲು ಸಿಕ್ಕ ಜಾಗ ಅಷ್ಟು. ಸಾಕು ಎಂದುಕೊಂಡೆ. ಅಷ್ಟರಿಂದಲೇ ಎಂಥ ಅನಾಹುತ ಮಾಡಬಹುದು ಎಂದು ನನಗಾಗಲಿ ಅಜ್ಜಿಗಾಗಲಿ ಗೊತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ಗಾತ್ರವಲ್ಲ, ಕೆಚ್ಚು. ಹೊನ್ನಾಳಿಯಲ್ಲಿ ಇಮಾಮಸಾಬರು ಎಂಬುವರಿದ್ದರು. ಘಟ್ಟದ ಕಾಫಿ ತೋಟದಲ್ಲಿ ಬಿಳಿ ದೊರೆಯೊಬ್ಬನ ಬಂಗಲೆಗೆ ಅಡುಗೆ ಮಾಡಿಕೊಂಡಿದ್ದು, ವಯಸ್ಸಾದ ಮೇಲೆ ಊರಿಗೆ ಬಂದವರು. ಬರುವಾಗ ದೊರೆಯ ಗಿಡ್ಡ ಜಗಳಗಂಟಿ ಕೋಳಿಗಳನ್ನು ತಂದಿದ್ದರು. ಬ್ಯಾಂಟಂ ಎಂದು ಅವರೇ ಹೆಸರು ಹೇಳಿದರು. ಹುಂಜ ಪಾರಿವಾಳಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಆದರೆ ಅದು ನನ್ನನ್ನು ನೋಡಿದ ನೋಟ ಇದೆಯಲ್ಲ, ಕಾಲೇಜಿನ ಪ್ರಿನ್ಸಿಪಾಲರು ಕೂಡ ನನ್ನನ್ನು ಹಾಗೆ ನೋಡಿರಲಿಲ್ಲ. ನಾನು ಅಲ್ಲೇ ಸೋತೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಬೆಳ್ಳಿಬಣ್ಣದ ಬಟ್ಟಲನ್ನು ಸಾಬರಿಗೆ ಕೊಟ್ಟು ಆ ಹುಂಜವನ್ನು ತಂದೆ. “ಕಪ್ ಚಲೋ ಐತೆ ತಮ್ಮಾ, ಆದ್ರೆ ಇದರಾಗೆ ಚಾ ಕುಡೀಬಹುದೋ ಇಲ್ವೋ?” ಎಂದು ಸಾಬರು ತಿರುಗಿಸಿ ನೋಡಿದರು. ಅದರಲ್ಲಿ ಏನೂ ಮಾಡಲು ಬರುವುದಿಲ್ಲ, ಅದಕ್ಕೇ ಅದನ್ನು ಬಹುಮಾನ ಎನ್ನುತ್ತಾರೆ ಎಂದೆ.

ಇನ್ನೊಂದು ರಕ್ತ ಕಾಡಿನದು. ಉಬ್ರಾಣಿ ಕಡೆಯಿಂದ ಸೌದೆ ಗಾಡಿ ಹೊಡೆದುಕೊಂಡು ಬರುವವರು ಪೊದೆಯಲ್ಲಿ ಸಿಕ್ಕ ಕಾಡುಕೋಳಿಯ ಮೊಟ್ಟೆಗಳನ್ನು ರುಮಾಲಿನಲ್ಲಿ ಕಟ್ಟಿ ತಂದುಕೊಟ್ಟರು. ಕಾವಿಗೆ ಕೂತಿದ್ದ ನಮ್ಮ ಹೇಂಟೆಯಡಿ ಇಟ್ಟೆ. ಮರಿಗಳೇನೋ ಆದವು. ಆದರೆ ಅವು ಹೇಂಟೆಯನ್ನು ತಾಯಿ ಎಂದು ಒಪ್ಪಲಿಲ್ಲ, ನನ್ನನ್ನು ಮನುಷ್ಯ ಎಂದು ಒಪ್ಪಲಿಲ್ಲ, ಒಂದೊಂದಾಗಿ ಬೇಲಿಯೊಳಗೆ ನುಗ್ಗಿ ಮಾಯವಾದವು. ಒಂದು ಹುಂಜ ಮಾತ್ರ, ಬಹುಶಃ ದಾರಿ ತಪ್ಪಿ, ಉಳಿಯಿತು. ಬೆಳೆದ ಮೇಲೆ ಅದರ ಕತ್ತಿನ ಗರಿಗಳ ಮೇಲೆ ಅರಗು ಕರಗಿಸಿ ತೊಟ್ಟಿಕ್ಕಿದ ಹಾಗೆ ಹಳದಿ ಚುಕ್ಕಿಗಳು ಮೂಡಿದವು. ಅದರ ಚೆಲುವು ನೋಡಿ ನಾನು ಒಂದು ದಿನ ಪೂರ್ತಿ ಯಾರೊಂದಿಗೂ ವಾದ ಮಾಡಲಿಲ್ಲ. ಅವ್ವ ನನಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡಿದಳು. ಕಾಡಿನ ಹುಂಜಕ್ಕೂ ನಾಡಿನ ಹೇಂಟೆಗೂ ಸಂಬಂಧ ಕೂಡಿಸುವುದು ಸುಲಭವಲ್ಲ. ಜಾತಕ ಕೂಡಿದರೂ ಮನಸ್ಸು ಕೂಡುವುದಿಲ್ಲ, ಮನಸ್ಸು ಕೂಡಿದರೂ ಮೊಟ್ಟೆ ಮರಿಯಾಗುವುದಿಲ್ಲ. ಕಾವಿಟ್ಟ ಮೊಟ್ಟೆಗಳಲ್ಲಿ ಬಹುಪಾಲು ಕೊಳೆತು, ಒಡೆದಾಗ ಬೀದಿಯವರೆಲ್ಲ ನನ್ನ ವಿದ್ಯಾಭ್ಯಾಸವನ್ನು ಬೈಯುತ್ತಿದ್ದರು. ಆದರೂ ಬಿಡದೆ, ಆ ಕಡೆಯ ನಾಲ್ಕು ಮರಿ, ಈ ಗಿಡ್ಡನ ನಾಲ್ಕು ಮರಿ ಆರಿಸಿ, ಅಳುಕುವುದನ್ನು ಬಿಟ್ಟು, ಎದುರು ನಿಲ್ಲುವುದನ್ನು ಇಟ್ಟುಕೊಂಡು, ಕೆಲವು ಮಳೆಗಾಲ ಕಳೆಯುವುದರೊಳಗೆ ಒಂದು ಹುಂಜವನ್ನು ಎತ್ತಿದೆ.

ಅದಕ್ಕೆ ವಕೀಲ ಎಂದು ಹೆಸರಿಟ್ಟವಳು ಅಜ್ಜಿ. ಕಪ್ಪು ಬಾಲ, ಕೆಂಪು ಬೆನ್ನು, ಕತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಅರಗಿನ ಚುಕ್ಕಿ, ಹಿಡಿ ಗಾತ್ರದ ಮೈ. ಕೂಗುವುದನ್ನು ಕಾಡಿನ ಧಾಟಿಯಲ್ಲಿ ಶುರುಮಾಡಿ, ನಡುವೆ ನಾಡಿನ ಧಾಟಿ ನೆನಪಾಗಿ, ಎರಡೂ ಕೂಡದೆ ಕೆಮ್ಮಿನಲ್ಲಿ ಮುಗಿಸುತ್ತಿತ್ತು. ಆದರೆ ಆ ಕೆಮ್ಮು ಕೇಳಿದರೆ ಬೀದಿನಾಯಿ ದಾರಿ ಬದಲಿಸುತ್ತಿತ್ತು. ಹದ್ದು ಒಮ್ಮೆ ಇಳಿದು ಬಂದು, ವಕೀಲ ಎದುರಿಗೆ ಹಾರಿದ ಮೇಲೆ, ನಮ್ಮ ಹಿತ್ತಲನ್ನೇ ತನ್ನ ದಾರಿಯಿಂದ ಕೈಬಿಟ್ಟಿತು. ನಾನು ಗೆದ್ದೆ ಎಂದುಕೊಂಡೆ. ಒಂದು ಸಂಗತಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ದಪ್ಪ ಹುಂಜಗಳು ಒಂದೊಂದಾಗಿ ಊರಮ್ಮನಿಗೂ ಬೀಗರಿಗೂ ಹೋಗಿ, ಅವುಗಳ ಜಾಗಕ್ಕೆ ಬಂದ ಮರಿಗಳೆಲ್ಲ ವಕೀಲನ ವಂಶವಾಗಿದ್ದವು. ಹಿತ್ತಲಿನಲ್ಲಿ ಈಗ ಇದ್ದದ್ದು ಹಿಡಿ ಹಿಡಿ ಗಾತ್ರದ, ಗೂಡಿಗೆ ಬಾರದೆ ಹುಣಿಸೆಮರದ ಮೇಲೆ ಮಲಗುವ, ಮೊಟ್ಟೆಯನ್ನು ಕಳ್ಳಿಬೇಲಿಯಲ್ಲಿ ಅಡಗಿಸುವ ಪುಂಡರ ಸೈನ್ಯ. “ಮನೇಲಿ ಕೋಳಿ ಐತೆ, ಸಾರಿಲ್ಲ” ಎಂದು ಅಜ್ಜಿ ಹಾದಿಯಲ್ಲಿ ಹೋಗುವವರಿಗೆಲ್ಲ ಹೇಳತೊಡಗಿದಳು.

ಇದು ತಮಾಷೆಯಾಗಿಯೇ ಇರುತ್ತಿತ್ತೇನೋ. ಆದರೆ ಅಕ್ಕನ ವಿಷಯ ಬಂತು. ನನ್ನ ಅಕ್ಕನನ್ನು ಜಗಳೂರಿಗೆ ಕೊಟ್ಟಿದ್ದೆವು. ಚೊಚ್ಚಲ ಬಾಣಂತನಕ್ಕೆ ತೌರಿಗೆ ಬಂದಿದ್ದಳು. ಮಗುವಿಗೆ ಹೆಸರಿಡುವ ದಿನ ಭಾವ ಬಂದರು. ಊಟ ಮುಗಿಸಿ ಅಕ್ಕನನ್ನೂ ಕೂಸನ್ನೂ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ನಮ್ಮ ಕಡೆ ಅಂಥ ದಿನ ಅಳಿಯನ ಎಲೆಗೆ ಇಡೀ ತೊಡೆ ಬೀಳಬೇಕು. ಅದೂ ಮನೆಯಲ್ಲೇ ಹುಟ್ಟಿ ಬೆಳೆದ ಹುಂಜದ ತೊಡೆ. ಸಂತೆಯಿಂದ ತಂದದ್ದು ನಡೆಯುವುದಿಲ್ಲ. ಅವತ್ತು ಮನೆಯಲ್ಲಿ ಕೊಯ್ದ ಹುಂಜದ ತೊಡೆ ಬಿತ್ತು, ನಿಜ. ಆದರೆ ಅದು ಎಲೆಯ ಮೇಲಿದ್ದ ಆಲೂಗಡ್ಡೆಯ ಹಿಂದೆ ಮರೆಯಾಗಿತ್ತು. ಭಾವ ಸೌಟಿನ ಕಡೆ ನೋಡಿದರು, ಅವ್ವನ ಕಡೆ ನೋಡಿದರು, ಆಮೇಲೆ ಎದ್ದು ಕೈ ತೊಳೆದರು. “ನಿಮ್ಮನೇಲಿ ಹುಂಜನೂ ಗುಬ್ಬಿಯಷ್ಟು, ಮರ್ಯಾದೇನೂ ಗುಬ್ಬಿಯಷ್ಟು” ಎಂದು ಗಾಡಿ ಕಟ್ಟಿಸಿಕೊಂಡು ಒಬ್ಬರೇ ಹೋದರು. ಅದಾದ ಮೇಲೆ ಜಗಳೂರಿನಿಂದ ಸುದ್ದಿಯಿಲ್ಲ. ಗಂಡಸಿಗೆ ಸಿಟ್ಟು ಬರಲು ಒಂದು ಗಳಿಗೆ ಸಾಕು, ಬಂದ ಸಿಟ್ಟನ್ನು ಇಳಿಸಿಕೊಳ್ಳಲು ಯಾರಾದರೂ ನೆಪ ಒದಗಿಸಿಕೊಡಬೇಕು. ನಮ್ಮ ಭಾವ ಆ ಬಾಬತ್ತಿನಲ್ಲಿ ಬಡವರು. ಕೂಸು ಮಗುಚಿಕೊಂಡಿತು, ಅಂಬೆಗಾಲಿಟ್ಟಿತು. ನೀರಿಗೆ ಹೋದಲ್ಲಿ ಹೆಂಗಸರು ಅಕ್ಕನನ್ನು “ಇನ್ನೂ ಇಲ್ಲೇ ಅದೀಯೇನವ್ವಾ?” ಎಂದು ಕೇಳತೊಡಗಿದರು. ಅಕ್ಕ ಆ ಬಾವಿ ಬಿಟ್ಟು ದೂರದ ಬಾವಿಗೆ ಹೋಗತೊಡಗಿದಳು. ಅವಳಿಗೆ ಗಂಡ ಬೇಡವಾಗಿರಲಿಲ್ಲ, ಅದೇ ಕಷ್ಟ. ಜಗಳೂರಿನ ತನ್ನ ಒಲೆ, ತಾನು ಸಾಕಿದ ಎಮ್ಮೆ, ಸಂಜೆ ಗಂಡ ಬಾಗಿಲಲ್ಲಿ ಜೋಡು ಕಳಚುವ ಸದ್ದು, ಎಲ್ಲ ಅವಳಿಗೆ ಬೇಕಾಗಿತ್ತು. ತಾನೇ ಗಾಡಿ ಹತ್ತಿ ಹೋದರೆ ಅತ್ತೆಯ ಮುಂದೆ ಜೀವನಪೂರ್ತಿ ತಲೆ ತಗ್ಗಿಸಬೇಕು. ಅವರೇ ಬಂದು ಕರೆಯಬೇಕಿತ್ತು.

ಕೊನೆಗೆ ಜಗಳೂರಿನ ಕಡೆಯ ಒಬ್ಬ ಗಾಡಿಯವನು ಸುದ್ದಿ ತಂದ. ಭಾವ ಸಂತೇಬೆನ್ನೂರು ಸಂತೆಗೆ ಎತ್ತು ನೋಡಲು ಬರುತ್ತಾರಂತೆ, ದಾರಿಯಲ್ಲಿ ಹಾಗೇ ಚನ್ನಗಿರಿಗೂ ಬಂದುಹೋಗುತ್ತಾರಂತೆ. ಜಗಳೂರಿನಿಂದ ಸಂತೇಬೆನ್ನೂರಿಗೆ ಬರುವವನಿಗೆ ಚನ್ನಗಿರಿ ಹೇಗೆ ದಾರಿಯಾಗುತ್ತದೆ ಎಂದು ನಾನು ಕೇಳಬೇಕೆಂದಿದ್ದೆ. ಅಕ್ಕ ಕಣ್ಣು ಬಿಟ್ಟಳು. ಅಜ್ಜಿ ತಕ್ಷಣ ಹಿತ್ತಲಿಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು, ತನ್ನ ಹಿಂಡನ್ನು ನೋಡಿದಳು. ಅಳಿಯನ ಎಲೆಗೆ ಹಾಕುವಂಥ ಒಂದೇ ಒಂದು ಹುಂಜ ಅಲ್ಲಿರಲಿಲ್ಲ. ಇದ್ದುದರಲ್ಲಿ ವಯಸ್ಸಿಗೆ ಬಂದು, ಮೈಗೆ ಸ್ವಲ್ಪವಾದರೂ ಕಟ್ಟಿದ್ದದ್ದು ವಕೀಲ.

“ವಕೀಲನೇ” ಎಂದಳು.

ನಾನು ಎದ್ದು ನಿಂತೆ. ನನ್ನ ಜೀವನದ ಅತ್ಯುತ್ತಮ ಭಾಷಣ ಅದು ಎಂದು ಇಂದಿಗೂ ನಂಬಿದ್ದೇನೆ. ಒಂದು ಹುಂಜದಲ್ಲಿ ಉಬ್ರಾಣಿಯ ಕಾಡು, ಘಟ್ಟದ ತೋಟ, ಬಿಳಿ ದೊರೆ ದಾಟಿ ಬಂದ ಸಮುದ್ರ ಮೂರೂ ಸೇರಿವೆ ಎಂದೆ. ಊಟ ಮುಗಿಯುವುದರೊಳಗೆ ಮರೆತುಹೋಗುವ ಒಂದು ತೊಡೆಗಾಗಿ ಮುಂದೆ ಹುಟ್ಟಬೇಕಾದ ವಂಶವನ್ನೇ ಕೊಯ್ಯುವುದು ಯಾವ ನ್ಯಾಯ ಎಂದೆ. ಹೆಣ್ಣಿನ ಮರ್ಯಾದೆಯನ್ನು ಕೋಳಿಯ ತೂಕದಲ್ಲಿ ಅಳೆಯುವ ಸಮಾಜ ಎಂದು ಶುರುಮಾಡಿ, ನಿಲ್ಲಲಾಗದೆ ಬಹಳ ದೂರ ಹೋದೆ. ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅಕ್ಕ ಕೂಸಿಗೆ ಅನ್ನ ಕಲಸಿ ಉಣಿಸುತ್ತಿದ್ದವಳು ತಲೆಯೆತ್ತಿದಳು.

“ತಮ್ಮಾ, ನೀನು ಹೇಳಿದ್ದೆಲ್ಲ ಖರೇನೇ ಇರಬಹುದು. ಸಮಾಜಾನ ನೀನು ಆಮೇಲೆ ಸರಿ ಮಾಡ್ಕೋ. ನನಗೆ ಮನಿಗೆ ಹೋಗಬೇಕಾಗೈತೆ.”

ನಾನೇ ಮುಸ್ಸಂಜೆಯಲ್ಲಿ ಹುಣಿಸೆಮರ ಹತ್ತಿ, ಕಣ್ಣು ಮಂಜಾಗಿ ಕುಳಿತಿದ್ದ ವಕೀಲನನ್ನು ಕಾಲು ಹಿಡಿದು ಇಳಿಸಿ ತಂದೆ. ಮುಂಗೈ ತುಂಬ ಗೀರಿದ. ಅಡುಗೆಮನೆಯ ಹಿಂದೆ ಕೋಳಿ ಮುಚ್ಚುವ ಪುಟ್ಟಿಯನ್ನು ಬೋರಲು ಹಾಕಿ, ಅದರಡಿ ಬಿಟ್ಟು, ಮೇಲೆ ಒರಳಿನ ಗುಂಡನ್ನು ಹೇರಿದೆ. ನನ್ನಂಥವನಿಗೆ ಎರಡು ಕೈಯಲ್ಲಿ ಎತ್ತುವಷ್ಟು ಭಾರದ ಗುಂಡು. ಪುಟ್ಟಿಯ ಸಂದಿಯಿಂದ ಒಂದು ಕೆಂಪು ಕಣ್ಣು ನನ್ನನ್ನೇ ನೋಡುತ್ತಿತ್ತು. ಆ ಕಣ್ಣಿನೊಂದಿಗೆ ವಾದಕ್ಕೆ ನಿಲ್ಲದೆ ಒಳಗೆ ಬಂದೆ.

ಬೆಳಿಗ್ಗೆ ಅಜ್ಜಿಯ ಕೂಗಿಗೆ ಎದ್ದು ಓಡಿದರೆ ಪುಟ್ಟಿ ಮಗುಚಿ ಬಿದ್ದಿದೆ, ವಕೀಲ ಇಲ್ಲ. ಅಡುಗೆಮನೆಯ ಮಾಡಿನ ತುದಿಯಲ್ಲಿ ನಿಂತು, ಕಾಡಿನಲ್ಲಿ ಶುರುಮಾಡಿ ನಾಡಿನಲ್ಲಿ ಕೆಮ್ಮುತ್ತಿದ್ದಾನೆ. ಅಜ್ಜಿ ಎರಡೂ ಕೈಯಿಂದ ಗಲ್ಲ ಬಡಿದುಕೊಂಡಳು. ಊರಮ್ಮನ ಕೋಳಿ ಇದು, ಅವಳೇ ಬಿಡಿಸಿದಳು ಎಂದು ಅಲ್ಲೇ ತೀರ್ಮಾನವಾಯಿತು. ಚನ್ನಗಿರಿಯ ಕಥೆ ಹುಟ್ಟಿದ್ದು ಆ ಗಳಿಗೆಯಲ್ಲಿ. ಆದರೆ ಅವ್ವ ಊರಮ್ಮನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಅಪ್ಪ ಕೂಡ, ಹೊಲಕ್ಕೆ ಹೊರಟವರು, ನಿಂತು ನೋಡಿದರು. ನಾನು ಬಿಟ್ಟಿರಲಿಲ್ಲ. ಬಿಡಬೇಕು ಎನ್ನಿಸಿತ್ತು, ಬಿಟ್ಟಿರಲಿಲ್ಲ. ಇಷ್ಟು ಸಾದಾ ನಿಜವನ್ನು ನಂಬಿಸಲು ನನ್ನ ಅಷ್ಟು ವರ್ಷದ ವಾಗ್ವಿದ್ಯೆ ಸಾಲಲಿಲ್ಲ. ಆಣೆ ಮಾಡು ಎಂದಳು ಅಜ್ಜಿ. ದೇವರನ್ನು ನಂಬದವನ ಆಣೆಗೆ ಬೆಲೆಯೇನು ಎಂದು ತಾನೇ ತಿರಸ್ಕರಿಸಿದಳು.

ಮೈಮೇಲಿನ ಅಪವಾದ ತೊಳೆದುಕೊಳ್ಳಲು ನಾನೇ ಟವಲು ಹಿಡಿದು ಹೊರಟೆ. ವಕೀಲ ಮಾಡಿನಿಂದ ಬೇಲಿಗೆ, ಬೇಲಿಯಿಂದ ಬಣವೆಗೆ ಹಾರಿದ. ಏಣಿ ಹಾಕಿ ಬಣವೆ ಹತ್ತಿದೆ. ಅವನು ಬೆನ್ನು ತಿರುಗಿಸಿ ನಿಂತಿದ್ದ. ಟವಲು ಬೀಸಿದೆ. ಮುಂದಿನದು ಬಹಳ ಬೇಗ ಆಯಿತು: ಟವಲು ಖಾಲಿ ಬಿತ್ತು, ವಕೀಲ ನನ್ನ ತಲೆಯ ಮೇಲಿದ್ದ, ನನ್ನ ಕಾಲ ಕೆಳಗಿನ ಹುಲ್ಲು ಜಾರಿತು, ನಾನು ಎದೆಯವರೆಗೆ ಬಣವೆಯೊಳಗೆ ಇಳಿದೆ, ಮೇಲಿದ್ದ ಹೊರೆ ಕವಿದುಕೊಂಡಿತು. ನ್ಯಾಮತಿಯ ಗೆಳೆಯ ಗಮನಿಸಬೇಕು: ಅಡಗುವುದಕ್ಕೂ ಹೂತುಹೋಗುವುದಕ್ಕೂ ವ್ಯತ್ಯಾಸವಿದೆ. ಅಡಗುವವನಿಗೆ ಉದ್ದೇಶವಿರುತ್ತದೆ. ನನಗಿದ್ದದ್ದು ಮೂಗಿನಲ್ಲಿ ಹುಲ್ಲು ಮಾತ್ರ. ಗಾಡಿಯ ಗೆಜ್ಜೆ ಕೇಳಿಸಿದ್ದು ಆಗಲೇ. ಹುಲ್ಲಿನ ಸಂದಿಯಿಂದ ನೋಡಿದರೆ ಭಾವ ಹೊಸ ರುಮಾಲು ಸುತ್ತಿಕೊಂಡು ಅಂಗಳದಲ್ಲಿ ಇಳಿಯುತ್ತಿದ್ದಾರೆ, ಮುಖ ಇನ್ನೂ ಬಿಗಿದೇ ಇದೆ. ಅಜ್ಜಿ “ಬರ್ರಿ ಅಳಿಯಂದಿರೇ, ಬಿಸಿಲಾಗೆ ಬಂದ್ರಿ” ಎಂದು ನೀರಿನ ತಂಬಿಗೆ ಹಿಡಿದು ಮುಂದೆ ಬಂದಳು. ಬಾಗಿಲಲ್ಲಿ ಅಕ್ಕ, ಕಂಕುಳಲ್ಲಿ ಕೂಸು. ಭಾವ ತಂಬಿಗೆಗೆ ಕ್ಷಣ ತಡೆದು ಕೈ ನೀಡಿದರು. ತಡೆದ ಆ ಕ್ಷಣವನ್ನು ಅಕ್ಕ ನೋಡಿದ್ದನ್ನು ನಾನು ನೋಡಿದೆ.

ಆಗ ವಕೀಲ ಬಣವೆಯಿಂದ ಇಳಿದ. ಭಾವನ ಎದುರಿಗೆ ನಿಂತ. ಕತ್ತಿನ ಗರಿ ಕೆದರಿ, ಕೊಡೆ ಬಿಚ್ಚಿದ ಹಾಗೆ ಅರಳಿಸಿ, ನೆಲಕ್ಕೆ ಕೊಕ್ಕು ಉಜ್ಜಿದ. ಮರುಕ್ಷಣ ಹಾರಿ ಹೊಸ ರುಮಾಲನ್ನು ಕಿತ್ತು ಎತ್ತುಗಳ ಮುಂದೆ ಕೆಡವಿದ. ಎತ್ತುಗಳು ಒಂದು ಹೆಜ್ಜೆ ಹಿಂದೆ ಸರಿದವು. ಹೊನ್ನಾಳಿಯವರ ಕಥೆಯಲ್ಲಿರುವ ಸತ್ಯ ಆ ಒಂದು ಹೆಜ್ಜೆ. ಅವ್ವ ಒಳಗೆ ಓಡಿದಳು. ಎಲ್ಲ ಮುಗಿಯಿತು ಎಂದುಕೊಂಡೆ. ಭಾವ ಮಾತ್ರ ಬರಿದಲೆಯಲ್ಲಿ ಮೆಲ್ಲಗೆ ಕುಕ್ಕರಗಾಲಲ್ಲಿ ಕುಳಿತರು. ನಾಲಿಗೆಯಿಂದ ಲೊಚ್ ಲೊಚ್ ಎಂದು ಸದ್ದು ಮಾಡಿದರು. ವಕೀಲ ಮತ್ತೆ ಹಾರಿದ. ಭಾವ ಹಾರಿದವನನ್ನು ಕೆಳಗಿನಿಂದ ಅಂಗೈ ಕೊಟ್ಟು ಎತ್ತಿಕೊಂಡರು, ತೊಟ್ಟಿಲಿನಿಂದ ಕೂಸು ಎತ್ತಿದಂತೆ. ಎದೆ ಒತ್ತಿ ನೋಡಿದರು, ಕಾಲಿನ ಮುಳ್ಳು ಸವರಿದರು, ಕಣ್ಣು ಅಗಲಿಸಿ ನೋಡಿದರು. ಬಿಗಿದ ಮುಖ ಅಂಗಳದಲ್ಲೇ ಬಿಚ್ಚಿಹೋಯಿತು.

“ಯಾರ್ರೀ ಎತ್ತಿದ್ದು ಈ ತಳೀನ?”

“ನಾನು, ಭಾವಾ” ಎಂದೆ, ಬಣವೆಯೊಳಗಿಂದ.

“ಎಲ್ಲಿದೀಯೋ ಭಾಮೈದಾ?”

“ಇಲ್ಲೇ. ಸ್ವಲ್ಪ ಕೈ ಕೊಡ್ರಿ.”

“ತಡಿಯೋ, ಕೈಯಾಗೆ ಹುಂಜ ಐತೆ. ಇದನ್ನ ಕೊಯ್ಯಾಕೆ ಹೊಂಟಿದ್ರೇನ್ರೀ ಅಜ್ಜೀ? ತಲೆ ಕೆಟ್ಟೈತಾ ನಿಮಗೆಲ್ಲ? ಇಂಥಾದ್ದನ್ನ ನಮ್ಮ ಕಡೆ ಕಣ್ಣಾಗೆ ನೋಡಿಲ್ಲ.”

ಅಜ್ಜಿಗೆ ಅಂದು ಕಿವಿ ಸ್ಪಷ್ಟವಾಗಿ ಕೇಳಿಸಿತು. “ನಿಮಗೇ ಅಂತ ಇಟ್ಟಿದ್ವಿ ಅಳಿಯಂದಿರೇ. ಕೊಯ್ಯಾಕಲ್ಲ, ಕೊಡಾಕೆ” ಎಂದಳು, ಕಣ್ಣು ಮಿಟುಕಿಸದೆ. ಒಂದೇ ಉಸಿರಿನಲ್ಲಿ ಪಕ್ಷ ಬದಲಿಸಿ ಅಷ್ಟೇ ಆವೇಶದಿಂದ ಮಾತಾಡುವ ವಿದ್ಯೆ ನನಗೆ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು. ಅಂದು ಮಧ್ಯಾಹ್ನ ಕೋಳಿಗೆಂದು ಅರೆದ ಮಸಾಲೆಯಲ್ಲಿ ಮೊಟ್ಟೆ ಸಾರು ಮಾಡಿದರು. ಭಾವ ವಕೀಲನನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡು ಸಲ ಬಡಿಸಿಕೊಂಡು ಉಂಡರು. ಎಲೆಯ ಮೇಲೆ ತೊಡೆ ಇಲ್ಲವೆಂದು ಅವರಿಗೆ ನೆನಪೇ ಬರಲಿಲ್ಲ. ಬಿಸಿಲು ಇಳಿದ ಮೇಲೆ ಗಾಡಿ ಹೊರಟಿತು. ಮುಂದೆ ಭಾವ, ಅವರ ಮಡಿಲಲ್ಲಿ ಹುಂಜ. ಹಿಂದೆ ಅಕ್ಕ, ಅವಳ ಮಡಿಲಲ್ಲಿ ಕೂಸು. ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸರೆಲ್ಲ ನೋಡುವಂತೆ ಅದೇ ಬೀದಿಯಲ್ಲಿ ಗಾಡಿ ಹೊಡೆಸಿಕೊಂಡು ಅಕ್ಕ ಹೋದಳು.

ಇತ್ತೀಚೆಗೆ ನಾನು ಜಗಳೂರಿಗೆ ಹೋಗಿದ್ದೆ. ಭಾವನ ಬೀದಿಯ ತುಂಬ ಈಗ ಅರ್ಧ ಕೂಗಿ ಕೆಮ್ಮುವ ಹುಂಜಗಳು. ಭಾವ ನಡುವೆ ನಿಂತು, ನೆರೆದವರಿಗೆ ತಾವು ಹುಂಜದ ಜೀವ ಉಳಿಸಿದ ಕಥೆ ಹೇಳುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಅಕ್ಕನ ಹತ್ತಿರ ಕುಳಿತೆ. ಭಾವನಿಗೆ ಹುಂಜದ ಹುಚ್ಚು ಇತ್ತೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲವಲ್ಲ ಎಂದೆ. ಅಕ್ಕ ರೊಟ್ಟಿ ತಟ್ಟುತ್ತಾ ನಕ್ಕಳು. “ಮದುವ್ಯಾದ ಹೊಸದಾಗೆ ಎತ್ತಿಗೆ ಹುಲ್ಲು ತರ್ತೀನಿ ಅಂತ ಹೋಗಿ, ಕೋಳಿ ಕಾಳಗ ನೋಡ್ಕೊಂಡು ಬರೋರು. ಅತ್ತೆಗೆ ಗೊತ್ತಾದ್ರೆ ಮನೀ ಸೇರಿಸ್ತಿರಲಿಲ್ಲ. ನನಗೊಬ್ಬಳಿಗೇ ಗೊತ್ತು. ಗಂಡನ ಗುಟ್ಟು ತೌರುಮನೇಲಿ ಹೇಳ್ತಾರೇನೋ?”

ಅಷ್ಟು ಮಳೆಗಾಲ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಆರಿಸುತ್ತಿದ್ದವನು ನಾನೇ ಎಂದು ತಿಳಿದಿದ್ದೆ. ಪುಟ್ಟಿ ಖಾಲಿಯಾದ ಆ ಬೆಳಿಗ್ಗೆಯೂ ನಾನು ಅಂಗಳದ ನಡುವೆ ನಿಂತು, ಇದು ದೈವದ ಕೆಲಸವಲ್ಲ, ಪ್ರತಿ ಕಾರ್ಯಕ್ಕೂ ಕಾರಣವಿರಲೇಬೇಕು ಎಂದು ಅಜ್ಜಿಯೊಂದಿಗೆ ಕೂಗಾಡಿದ್ದೆನೇ ಹೊರತು, ಕಾರಣ ಎಲ್ಲಿದೆ ಎಂದು ಕತ್ತು ತಿರುಗಿಸಿ ನೋಡಿರಲಿಲ್ಲ. ಈಗ ನೆನಪಾಯಿತು. ಗುಂಡು ಉರುಳಿ ಬಿದ್ದಿರಲಿಲ್ಲ. ತೊಳೆದು, ಒರಳಿನೊಳಗೆ ಸರಿಯಾಗಿ ಕೂತಿತ್ತು. ಪಕ್ಕದಲ್ಲಿ ಕೊತ್ತಂಬರಿ, ಒಣಮೆಣಸಿನಕಾಯಿ ಹರಡಿಕೊಂಡು ಅಕ್ಕ ಕುಳಿತಿದ್ದಳು, ನಮ್ಮಿಬ್ಬರ ಕೂಗಾಟಕ್ಕೆ ತಲೆ ಕೂಡ ಎತ್ತದೆ.

ಅಕ್ಕ ಹಂಚಿನ ಮೇಲೆ ರೊಟ್ಟಿ ತಿರುವಿ ಹಾಕಿದಳು. ನಾನು ಕೇಳಿದೆ:

“ಅಕ್ಕಾ, ಅವತ್ತು ನೀನು ಪುಟ್ಟಿ ಮೇಲಿನ ಗುಂಡು ಎತ್ತಿದ್ದು ಮಸಾಲೆ ಅರೆಯಾಕೋ, ಹುಂಜನ್ನ ಬಿಡಾಕೋ?”